ಮುಖವಿಲ್ಲದ ದೇವದೂತೆ

“ಆ ಖಾಲಿ ಜಾಗಾದಾಗ ಮುಖಾ ಕೂಡ್ಸಬ್ಯಾಡೋ ತಮ್ಮಾ. ಗಾಜು ಮಾಡಿದ ಭೀಮಸಿ ಮಾಟಾ ಮಾಡಿಟ್ಟ ಹೋಗ್ಯಾನ.”

ಹೇಳಿದವಳು ಶೇವಂತಾ, ಅಂಕಲಿಯಾಚೆಯ ಹಳೇ ಚರ್ಚಿನ ಕಸ ಗುಡಿಸುವ ಮುದುಕಿ. ಪಡುವಣ ಗೋಡೆಯ ಬಣ್ಣದ ಗಾಜಿನ ಕಿಟಕಿಯಲ್ಲಿ ದೇವದೂತೆಯೊಬ್ಬಳು ರೆಕ್ಕೆ ಬಿಚ್ಚಿ ನಿಂತಿದ್ದಳು. ರೆಕ್ಕೆ ನೀಲಿ, ಅಂಗಿ ಕೆಂಪು, ಮುಖವಿರಬೇಕಾದಲ್ಲಿ ಅಂಗೈಯಗಲದ ತೂತು. ನೂರು ವರ್ಷದ ಹಿಂದೆ ಭೀಮಸಿ ಅಲ್ಲಿ ತೀರಿಹೋದ ತನ್ನ ಮಗಳ ಮುಖ ಬರೆದಿದ್ದನಂತೆ. ಊರ ಹುಡುಗಿಯ ಕರಿಮುಖ ದೇವದೂತೆಗೆ ಒಪ್ಪದೆಂದು ಹಿರಿಯರು ಅದನ್ನು ಕೀಳಿಸಿದರು. ಅವನು ಮಗಳ ಕೂದಲು, ನಿಂಬೆಹಣ್ಣು ಸುಟ್ಟು, ಆ ಬೂದಿಯನ್ನು ತೂತಿನ ಅಂಚಿಗೆ ಬಳಿದು, ಶಾಪ ಹಾಕಿ ಹೋದ: ಇಲ್ಲಿ ಯಾರ ಮುಖ ಕೂರುತ್ತದೋ ಅವರೇ ಬಂದು ಕೂರಲಿ!

ನಿಪ್ಪಾಣಿಯಿಂದ ರಿಪೇರಿಗೆ ಬಂದಿದ್ದ ಗಾಜಿನ ಕೆಲಸಗಾರ ಸಂಗ್ರಾಮ ನಕ್ಕುಬಿಟ್ಟ. “ಆಯಿ, ಬೂದಿ ತಿಕ್ಕಿದರ ಗಾಜಿಗೆ ಹೊಳಪು ಬರ್ತೈತಿ. ದೆವ್ವ ಬರೂದಿಲ್ರಿ.”

ಮುಖ ಬರೆಯಲು ನೋಡಿಕೊಳ್ಳಲೊಂದು ಮುಖ ಬೇಕಲ್ಲ? ಮೊಬೈಲಿನಲ್ಲಿದ್ದ ಆರು ವರ್ಷದ ಮಗಳು ಶುಭಾಂಗಿಯ ಫೋಟೋ ನೋಡಿಯೇ ಬರೆದ. ಎಡಗೆನ್ನೆಯ ಗುಳಿಯನ್ನೂ ಬಿಡಲಿಲ್ಲ, ಪುಣ್ಯಾತ್ಮ. ಭಟ್ಟಿಯಲ್ಲಿ ಸುಟ್ಟು, ಹದಿನೈದು ದಿನಕ್ಕೆ ತಂದು, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಯೊಳಗೆ ಕೂರಿಸಿದ. ಶೇವಂತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಇಳಿಬಿಸಿಲು ಕಿಟಕಿಗೆ ಬಂತು. ನೆಲದ ತುಂಬ ಕೆಂಪು, ನೀಲಿ ಚೆಲ್ಲಿತು. ಎಲ್ಲಿಂದಲೋ ಸುಟ್ಟ ಕೂದಲಿನ ಕಮಟು, ಅದರ ಹಿಂದೆಯೇ ನಿಂಬೆಯ ಹುಳಿ ವಾಸನೆ. ಆಗ ಹೆಂಡತಿ ಕಾಂಚನಳ ಫೋನು ಬಂತು.

“ಲಗೂ ಬರ್ರಿ! ಶುಭಾ ಆಡ್ತಾ ಆಡ್ತಾ ಬಿದ್ದಾಳ. ಮೈ ತಣ್ಣಗ ಆಗೇತಿ. ಉಸಿರ ಆಡವಲ್ದು!”

ಸಂಗ್ರಾಮ ಕತ್ತೆತ್ತಿದ. ಗಾಜಿನ ಮುಖದ ತುಟಿಯ ಬಳಿ ಆವಿ ಕಟ್ಟಿತ್ತು. ಕರಗಿತು. ಮತ್ತೆ ಕಟ್ಟಿತು. ಅವನ ಮಗಳು ಅಲ್ಲಿ ಉಸಿರಾಡುತ್ತಿದ್ದಳು.

ಫೋನನ್ನು ಸ್ಪೀಕರಿಗೆ ಹಾಕಿ ಜೇಬಿಗೆ ತುರುಕಿ, ಸುತ್ತಿಗೆ ಹಿಡಿದು ಏಣಿಗೆ ಹಾರಿದ. ಶೇವಂತಾ ಕಾಲು ಹಿಡಿದಳು. “ಒಡೀಬ್ಯಾಡೋ! ಒಡದರ ಅಕಿ ಉಳಿಯೂದಿಲ್ಲ. ಇಡಿಯಾಗಿ ತಗಿ. ಹೊತ್ತು ಮುಳುಗೂದ್ರಾಗ ತಗಿ!”

ಸುತ್ತಿಗೆ ಎಸೆದ. ಉಗುರಿನಿಂದಲೇ ಸೀಸದ ಅಂಚು ಬಿಡಿಸತೊಡಗಿದ. ಗಾಜು ಬೆರಳು ಕುಯ್ದಿತು. ನೆತ್ತರು ಜಾರಿತು. ಕೆಳಗಿನಿಂದ ಕತ್ತಲು ಏರುತ್ತಿತ್ತು. ದೇವದೂತೆಯ ಪಾದ ಕಪ್ಪಾಯಿತು. ಮೊಣಕಾಲು. ಎದೆ. ಕೊರಳು.

“ಭೀಮಸಣ್ಣಾ, ನೀನೂ ಅಪ್ಪ ಅಲ್ಲೇನೋ? ಬಿಡೋ! ನನ್ನ ಕೂಸ ಬಿಡೋ!”

ಟಕ್ಕೆಂದಿತು. ಗಾಜು ಅಂಗೈಗೆ ಬಂತು, ಇಡಿಯಾಗಿ.

ಜೇಬಿನಿಂದ ಕಾಂಚನಳ ಕೂಗು ಕೇಳಿತು. “ಕಣ್ಣ ಬಿಟ್ಟಾಳ್ರೀ! ಅಪ್ಪಾ ಅಂತಾಳ!”

ಸಂಗ್ರಾಮ ಏಣಿಯ ಮೇಲೆಯೇ ಗೊಳೋ ಎಂದು ಅತ್ತ.

ಫೋನಿನಲ್ಲಿ ಕಾಂಚನ ಮತ್ತೆ ಅಂದಳು: “ಆದ್ರ… ಎಡಗಲ್ಲದ ಮ್ಯಾಲ ಒಂದ ಗೀರು ಬಿದ್ದೈತ್ರಿ. ಕೂದಲೆಳಿಯಷ್ಟ. ರಕ್ತಾನ ಇಲ್ಲ.”

ಅವನು ಗಾಜನ್ನು ಉಳಿದ ಬೆಳಕಿಗೆ ಹಿಡಿದ. ಅಂಚಿನಿಂದ ಗುಳಿಯವರೆಗೆ ಕೂದಲೆಳೆಯಷ್ಟು ಬಿರುಕು. ಗಾಜಿಗೆ ಬಿದ್ದ ಬಿರುಕು ನಿಲ್ಲುವುದಿಲ್ಲ, ಇವತ್ತಲ್ಲ ನಾಳೆ ಆ ತುದಿ ಮುಟ್ಟಿಯೇ ತೀರುತ್ತದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದವನು ಅವನೇ. ಎರಡೂ ಅಂಗೈಯಲ್ಲಿ ಮಗಳನ್ನು ಹಿಡಿದು ನಿಂತ. ಏಣಿಯ ಒಂದು ಮೆಟ್ಟಿಲು ಇಳಿಯಲೂ ಅವನಿಗೆ ಧೈರ್ಯ ಬರಲಿಲ್ಲ.