ನಾಲ್ಕು ದಿನ ಬದುಕಿದ ಕುದುರೆಮರಿ

ಅವಧೂತರಾವ್ ನಮ್ಮ ಹೋಟೆಲಿಗೆ ಬಂದಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೇಜು ಒರೆಸುವ ಕೆಲಸ ನಡೆದಿತ್ತು. ೧೯೭೯ರ ಫೆಬ್ರವರಿಯ ಒಂದು ಬುಧವಾರ. ಅವರ ಅಂಗಿಯ ತೋಳಿಗೆ ಒಣಹುಲ್ಲು ಅಂಟಿತ್ತು. ನೀರನ್ನೂ ಮುಟ್ಟದೆ, "ಭುಜಂಗರಾವ್, ಬಿಂದುಮಾಧವರು ಮ್ಯಾಲಿದ್ದಾರೇನ್ರಿ?" ಎಂದು ನನ್ನನ್ನು ಕೇಳಿದರು.

ಮೇಲಿನ ಕೋಣೆಯಲ್ಲಿರುವವರು ಬಿಂದುಮಾಧವರು, ಧಾರವಾಡದ ಕಡೆಯವರು. ಹಾಲು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೂತು, ನೀರು ಬೆರೆಸುವವರನ್ನು ಹಿಡಿದು ಹಿಡಿದು ಮನುಷ್ಯರ ಮೇಲಿನ ನಂಬಿಕೆಯನ್ನೇ ಕಳೆದುಕೊಂಡವರು. ನಿವೃತ್ತರಾಗಿ ನನ್ನ ಬಾಡಿಗೆದಾರರಾದ ಮೇಲೆ, ಕಳವು, ಕೊಲೆ ಎಂದು ಯಾರು ಬಂದರೂ ಬೇಡವೆನ್ನುತ್ತಿರಲಿಲ್ಲ. ಅವರ ಹಿಂದೆ ಗಲ್ಲಾ ಬಿಟ್ಟು ಓಡುವುದು ನನ್ನ ಚಟ. ಪುಣೆಯಲ್ಲಿ ನನ್ನ ಇಡ್ಲಿಗಿಂತ ಬಾಡಿಗೆದಾರನೇ ಹೆಚ್ಚು ಹೆಸರುವಾಸಿ ಎಂದು ನನ್ನ ಹೆಂಡತಿ ಕುಸುಮ ಹಂಗಿಸುವುದುಂಟು.

"ಮರಿ ಸತ್ತುಹೋತ್ರಿ," ಎಂದು ಅವಧೂತರಾವ್ ಮಂಚದ ಅಂಚಿನಲ್ಲಿ ಕೂತರು. "ಯಾರೋ ಕೊಂದಾರ."

ಅವರು ವಿಜಾಪುರದವರು. ಸೈನ್ಯದ ಕುದುರೆ ಲಾಯದಲ್ಲಿ ದುಡಿದು ನಿವೃತ್ತರಾಗಿ ಕೊಂಢವಾದಲ್ಲಿ ಒಂದು ಆಶ್ರಯ ಕಟ್ಟಿಕೊಂಡಿದ್ದರು. ಆಟೋರಿಕ್ಷಾ ಬಂದ ಮೇಲೆ ಯಾರಿಗೂ ಬೇಡವಾದ ಟಾಂಗಾ ಕುದುರೆಗಳು, ಕಾಲು ಮುರಿದ ರೇಸಿನ ಕುದುರೆಗಳು ಅಲ್ಲಿ ಮುಪ್ಪು ಕಳೆಯುತ್ತಿದ್ದವು. ಅವುಗಳ ನಡುವೆ ಒಂದು ಟಾಂಗಾ ಹೆಣ್ಣುಕುದುರೆ ಹೊಟ್ಟೆ ಹೊತ್ತುಕೊಂಡೇ ಬಂದಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ, ದಿನ ತುಂಬಲು ಇನ್ನೂ ಒಂದು ತಿಂಗಳಿರುವಾಗ, ಅದು ಮರಿ ಹಾಕಿತು.

"ಎದ್ದು ನಿಲ್ಲೂ ಶಕ್ತಿ ಇರಲಿಲ್ರಿ. ಮಲಿ ಹಿಡಿಯೂದೂ ಗೊತ್ತಿರಲಿಲ್ಲ. ತಾಯಿ ಹಾಲು ಕರಕೊಂಡು ಬಾಟಲಿಲೆ ಹನಿ ಹನಿ ಕುಡಿಸಿದ್ವಿ. ಮಂಗಳವಾರ ತಾನ ಎದ್ದು ನಾಲ್ಕು ಹೆಜ್ಜಿ ಹಾಕ್ತು. ನಾ ಅತ್ತುಬಿಟ್ಟೆ, ಖರೇ ಹೇಳ್ತೀನಿ. ಅವತ್ತ ರಾತ್ರಿ ಜ್ವರ. ಇವತ್ತು ಮಧ್ಯಾಹ್ನ ಮುಗೀತು."

"ಯಾರ‍್ಯಾರು ಮುಟ್ಟಿದ್ರು?" ಎಂದು ಬಿಂದುಮಾಧವರು ಕೇಳಿದರು.

"ಮೂರ ಮಂದಿ. ಹಾಲು ಕರದಾಂವ ಲಾಲಪ್ಪ. ಕುಡಿಸಿದಾಕಿ ಮರೆಮ್ಮ, ಹಗಲು ರಾತ್ರಿ ಅದರ ಬಾಜೂನ ಇದ್ಲು. ಮತ್ತ ಸೂಜಿ ಚುಚ್ಚಲಿಕ್ಕೆ ಬರೋ ಕಂಪೌಂಡರ್ ಪಂಢರಿನಾಥ. ಲಾಲಪ್ಪ ಸೋಮವಾರನ ನಿಗಡಿಗೆ ಅಣ್ಣನ ಮನಿಗೆ ಹೋದಾಂವ, ಇನ್ನೂ ಬಂದಿಲ್ಲ. ಮರೆಮ್ಮ..." ಅವರು ತಡವರಿಸಿದರು. "ಆಕಿ ತಾನ ಕೊಂದೆ ಅಂತಾಳ. ಹೆಂಗ ಅಂತ ಕೇಳಿದ್ರ ಬಾಯಿ ಬಿಡೂದಿಲ್ಲ. ಸಂಜಿಗೆ ಪೊಲೀಸ ಚೌಕಿಗೆ ಒಪ್ಪಸ್ತೀನಿ. ಗಂಡ ಮಕ್ಕಳನ್ನೂ ಜಾಗಾ ಬಿಡಸ್ತೀನಿ."

"ನಾಳಿ ಮೂರರ ತನಕ ತಡೀರಿ," ಎಂದು ಬಿಂದುಮಾಧವರು ಟೊಪ್ಪಿಗೆ ಹಾಕಿಕೊಂಡರು.

ಲಾಯದ ಮೂಲೆಯಲ್ಲಿ ಮರಿ ಮಲಗಿತ್ತು. ಇಷ್ಟು ಸಣ್ಣ ಕುದುರೆಯನ್ನು ನಾನು ನೋಡಿರಲಿಲ್ಲ. ಕಿವಿಗಳು ಜೋತು ಬಿದ್ದಿದ್ದವು, ಮೈಕೂದಲು ರೇಷ್ಮೆಯ ಹಾಗೆ ನುಣ್ಣಗಿತ್ತು. ಅದರ ಮೇಲೆ ಯಾರೋ ಹಳೆಯ ಸೀರೆಗಳಿಂದ ಹೊಲಿದ ಕೌದಿ ಹೊದಿಸಿದ್ದರು. ಬಿಂದುಮಾಧವರು ಕೌದಿ ಸರಿಸಿ ಕಾಲುಗಳನ್ನು ಮುಟ್ಟಿ ನೋಡಿದರು. ಮಂಡಿಗಳು ಊದಿಕೊಂಡು ಮೋಸಂಬಿಯ ಗಾತ್ರವಾಗಿದ್ದವು. ಪಕ್ಕದ ಅಂಕಣದಲ್ಲಿ ತಾಯಿಕುದುರೆ ಗೋಡೆಗೆ ಮುಖ ಮಾಡಿ ನಿಂತಿತ್ತು. ನಾವು ಹೊರಗೆ ಬಂದೆವು.

ಪಂಢರಿನಾಥ ಬೇಲಿಯ ಹತ್ತಿರ ಬೀಡಿ ಸೇದುತ್ತ ನಿಂತಿದ್ದ. ನಮ್ಮನ್ನು ಕಂಡೊಡನೆ, "ಮೀ ಫಕ್ತ ಇಂಜೆಕ್ಷನ್ ದಿಲಂ," ತಾನು ಬರೀ ಸೂಜಿ ಚುಚ್ಚಿದವನು ಎಂದು ಮರಾಠಿಯಲ್ಲಿ ಶುರುಮಾಡಿ, ಆಮೇಲೆ ಒಡಕು ಕನ್ನಡಕ್ಕೆ ಇಳಿದ. "ನಾ ಮೊದಲೇ ಸಾಂಗಿದ್ದೆ, ಔಷಧ ಸುಮ್ಮನೆ ಹಾಳು ಅಂತ. ಭಾನುವಾರ ಸಕಾಳಿ ಸಾಡೇಸಾತಕ್ಕ, ಏಳೂವರೆಗೆ, ಓಡಿ ಬಂದೆ. ಅದಕ್ಕ ಏನು ಕೊಟ್ಟರು? ಹಾಲಿಲ್ಲದ ಕಾಳಾ ಚಹಾ."

"ಯಾಕ, ಹಾಲಿಲ್ಲ?" ಎಂದು ಬಿಂದುಮಾಧವರು ಅವಧೂತರಾಯರ ಕಡೆ ತಿರುಗಿದರು.

"ದಿನಾ ಎರಡು ಬಾಟಲಿ ಬರ್ತಾವ್ರಿ. ಅವತ್ತು ಬಾಗಲದಾಗ ಇರಲಿಲ್ಲ. ಹಾಕಾಂವ ಹಾಕೀನಿ ಅಂತಾನ. ಆ ಗಡಿಬಿಡಿಯೊಳಗ ಯಾರು ವಿಚಾರಸ್ತಾರ?"

ಮರೆಮ್ಮ ತನ್ನ ತಗಡಿನ ಗುಡಿಸಲ ಮುಂದೆ ಮಣ್ಣಲ್ಲಿ ಕೂತಿದ್ದಳು. ಸುರಪುರದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಸಿಮೆಂಟು ಹೊರುತ್ತಿದ್ದ. ನಾಲ್ಕು ದಿನ ನಿದ್ದೆಯಿಲ್ಲದೆ ಅವಳ ಕಣ್ಣುಗಳು ಕೆಂಡವಾಗಿದ್ದವು. ಬಿಂದುಮಾಧವರು ಅವಳೆದುರು ನೆಲದಲ್ಲೇ ಕೂತದ್ದು ನನಗೆ ಆಶ್ಚರ್ಯ. ದೇಶಪಾಂಡೆ ಮನೆತನದ ಈ ಮನುಷ್ಯ ನನ್ನ ಹೋಟೆಲಿನ ಬೆಂಚನ್ನೂ ಒರೆಸಿಕೊಂಡೇ ಕೂರುವವರು.

"ಹೆಂಗ ಕೊಂದಿ, ತಂಗಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ದೇವಿ ಬ್ಯಾಡ ಅಂದಿದ್ಲರಿ. ನಾ ಮುಚ್ಚಿಟ್ಟೀನಿ. ನಮ್ಮಲ್ಲಿ ಈದ ದನದ ಮದಲ ಹಾಲು ದೇವಿಗಿ ಗಿಣ್ಣ ಮಾಡಿ ಎಡಿ ಹಿಡೀತಾರ್ರಿ. ಲಾಲಪ್ಪಣ್ಣ ಕರದು ಕೊಟ್ಟ ಮದಲ ಹಾಲಿನಾಗ ಬಾಟಲಿ ತಳದಾಗ ಒಂದೀಟು ಉಳದಿತ್ತು. ಬೆಲ್ಲ ಹಾಕಿ ಹಬಿಗಿ ಇಟ್ಟಿನಿ. ಗಟ್ಟಿ ಹಿಡೀಲಿಲ್ರಿ. ನೀರ ಆಗಿ ಉಳೀತು. ದೇವಿ ಒಲ್ಲೆ ಅಂದ್ಲು ಅಂತ ಆವಾಗೇ ತಿಳೀತು. ಸಾಹೇಬರಿಗಿ ಹೇಳಿದ್ರ ಕೂಸಿನ ಆಸೆ ಬಿಡ್ತಾರ ಅಂತ ಹೇಳಲಿಲ್ಲ. ಹೇಳಿದ್ರ ಏನರ ಹರಕಿ ಹೊರತಿದ್ರು, ಉಳೀತಿತ್ತು."

ಪಾಪ, ಮೂಢನಂಬಿಕೆಯಿಂದ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದಾಳೆ ಎಂದು ನಾನು ಮರುಗಿದೆ. ಇಪ್ಪತ್ತು ವರ್ಷ ಹೋಟೆಲು ನಡೆಸಿ, ವಾರಕ್ಕೊಮ್ಮೆ ಗಿಣ್ಣು ಮಾಡಿ ಮಾರುವ ನನಗೆ ಅಷ್ಟು ಮಾತ್ರ ಹೊಳೆಯಿತು. ಬಿಂದುಮಾಧವರು ಮಾತ್ರ ಎದ್ದು ನಿಂತು, "ಮೂರು ದಿನ ಇದನ್ನ ಹೊಟ್ಟಿಯೊಳಗ ಇಟಗೊಂಡಿದ್ದಿ?" ಎಂದರು. ಅವರ ದನಿ ಒರಟಾಗಿತ್ತು.

ನಾವು ಹೊರಡುವ ಹೊತ್ತಿಗೆ ಲಾಲಪ್ಪ ನಿಗಡಿಯಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮರಿಯನ್ನು ನೋಡಿ ತಲೆಯಾಡಿಸಿದ.

"ಟಾಂಗಾದ ಮರಿ ಅಲ್ಲೇನ್ರಿ ಸಾಹೇಬ್ರ, ಮ್ಯಾಲ ದಿನ ತುಂಬಲಾರದ್ದು. ಉಳಿಯೂದಿತ್ತೇನು? ನಾ ಹಿಂದ ಇದ್ದಲ್ಲಿ ರೇಸಿನ ಕುದುರಿ ಮರಿ ಹೆಂಗಿರತಿದ್ವು ಅಂತೀರಿ!"

"ಆ ಕೆಲಸ ಯಾಕ ಬಿಟ್ಟಿ?" ಎಂದು ಬಿಂದುಮಾಧವರು ಕೇಳಿದರು.

"ಬಿಡಿಸಿದ್ರು. ಎರಡು ವರ್ಷ ಆತು. ಒಂದಿನ ತಡಾ ಮಾಡಿ ಬಂದೆ ಅಂತ."

"ಭಾನುವಾರ ಮುಂಜಾನೆ ಎಲ್ಲಿ ಹೋಗಿದ್ದಿ?"

"ಕ್ಯಾಂಪಿಗ್ರಿ, ಸೈಕಲ್ ಮ್ಯಾಲ. ಗ್ಲೂಕೋಸ್ ಬೇಕಾಗಿತ್ತಲ್ಲ. ಅಂಗಡಿ ತೆಗೆದಿರಲಿಲ್ಲ, ಕಾಯ್ದೆ."

ಏಳಕ್ಕೆ ಹೋದವನು ಒಂಬತ್ತಕ್ಕೆ ಗ್ಲೂಕೋಸ್ ಡಬ್ಬಿಯೊಂದಿಗೆ ಬಂದದ್ದು ನಿಜವೆಂದು ಅವಧೂತರಾವ್ ಹೇಳಿದರು. ಹೋಟೆಲಿಗೆ ಮರಳಿ ಬಿಂದುಮಾಧವರು ನನ್ನ ಫೋನಿನಿಂದ ಮೂರು ಕಡೆ ಮಾತಾಡಿದರು. ಏನೆಂದು ಕೇಳಿದರೆ, "ನಾಳೆ ಸ್ವಲ್ಪ ಗಿಣ್ಣು ಮಾಡ್ರಿ. ಬಾಜೂಕ ಬರೇ ಹಾಲಿಗೂ ಬೆಲ್ಲಾ ಹಾಕಿ ಹಬಿಗೆ ಇಡ್ರಿ," ಎಂದರು. ಇಂಥ ಮಾತಿಗೆ ನನಗೆ ಮೈ ಉರಿಯುತ್ತದೆ. ಆದರೂ ಮಾಡಿದೆ.

ಗುರುವಾರ ಮೂರು ಗಂಟೆಗೆ ಆಶ್ರಯದ ಮೇವಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಅವಧೂತರಾವ್ ಕುರ್ಚಿಯಲ್ಲಿ, ಪಂಢರಿನಾಥ ಮತ್ತು ಲಾಲಪ್ಪ ಹುಲ್ಲಿನ ಪಿಂಡಿಗಳ ಮೇಲೆ, ಮರೆಮ್ಮ ಬಾಗಿಲ ಬಳಿ ನೆಲದಲ್ಲಿ. ಅವಳ ಗಂಡ ಆಗಲೇ ಪಾತ್ರೆ ಪಗಡಗಳನ್ನು ಗಂಟು ಕಟ್ಟಿ ಹೊರಗಿಟ್ಟಿದ್ದ.

ಬಿಂದುಮಾಧವರು ಎರಡು ಬಟ್ಟಲುಗಳನ್ನು ಮರೆಮ್ಮನ ಮುಂದಿಟ್ಟರು. ಒಂದರಲ್ಲಿ ಗಿಣ್ಣು ಗಟ್ಟಿಯಾಗಿ ನಿಂತಿತ್ತು. ಇನ್ನೊಂದರಲ್ಲಿ ಕಂದು ಬಣ್ಣದ ತೆಳು ಹಾಲು.

"ನೀ ಮಾಡಿದ್ದು ಯಾವುದರ ಹಂಗ ಆಗಿತ್ತು?"

ಅವಳು ತೆಳುವಾದದ್ದನ್ನು ತೋರಿಸಿದಳು.

"ಈದ ಪ್ರಾಣಿದ ಮೊದಲ ಹಾಲು ಕಾಸಿದ್ರ ಹಿಡೀತದ. ದನದ್ದಾಗಲಿ, ಕುದುರಿದಾಗಲಿ," ಎಂದು ಅವರು ಎಲ್ಲರತ್ತ ತಿರುಗಿದರು. "ಹಿಡಿಯೂ ಆ ಸತ್ವನ ಮರಿಗೆ ರೋಗದಿಂದ ರಕ್ಷಣಾ. ಕುದುರಿಮರಿ ಹುಟ್ಟಿದಾಗ ಅದರ ರಕ್ತದೊಳಗ ಆ ರಕ್ಷಣಾ ಇರೂದಿಲ್ಲ. ಮೊದಲನೇ ದಿನ ತಾಯಿ ಮೊದಲ ಹಾಲಿನಿಂದನ ಬರಬೇಕು; ಅದನ್ನ ಪೂರಾ ಕರದು ತಗದ ಮ್ಯಾಲೆ ಬರೂ ಹಾಲಿನಾಗ ಆ ಸತ್ವ ಇರೂದಿಲ್ಲ. ಆಮ್ಯಾಲೆ ಎಷ್ಟು ಹಾಲು ಕುಡಿದರೂ ಹೊಟ್ಟಿ ತುಂಬತದ, ರಕ್ಷಣಾ ಸಿಗೂದಿಲ್ಲ. ಹೌದಲ್ರಿ, ಅವಧೂತರಾವ್?"

"ನನಗ ಗೊತ್ತಿಲ್ಲೇನ್ರಿ? ಅದಕ್ಕ ನಾನ ನಿಂತು ಕುಡಿಸಿದೆ."

"ನೀವು ಬಾಟಲಿ ನೋಡಿದ್ರಿ. ಅದರೊಳಗಿದ್ದದ್ದು ನಿಮ್ಮ ಬಾಗಲಕ್ಕ ಬಂದ ಚಹಾದ ಹಾಲು. ಪಂಢರಿನಾಥಗ ಅವತ್ತ ಕಾಳಾ ಚಹಾ ಸಿಕ್ಕಿದ್ದು ಅದಕ್ಕ."

ನನಗೆ ನನ್ನ ಮೇಲೇ ಸಿಟ್ಟು ಬಂತು; ಹಿಂದಿನ ದಿನ ಕಿವಿಗೆ ಬಿದ್ದದ್ದು ತಲೆಗೆ ಇಳಿದಿರಲಿಲ್ಲ.

"ಮರಿ ಸತ್ತ ದಿನ ಯಾರಿದ್ರು, ಹಿಂದಿನ ದಿನ ಯಾರಿದ್ರು ಅಂತ ನೀವು ಹುಡುಕಿದ್ರಿ. ವಿಷ ಹಾಕಿದ್ರ ಮಂಡಿ ಊದೂದಿಲ್ಲ. ರಕ್ತಕ್ಕ ನಂಜೇರಿದ್ರ ಊದತಾವ, ಅದಕ್ಕ ಮೂರು ನಾಲ್ಕು ದಿನ ಬೇಕು. ಮಂಗಳವಾರ ಆ ಮರಿ ಎದ್ದು ನಡೆದಾಗ ಅದರ ಸಾವು ಒಳಗ ನಡದಿತ್ತು. ಕೊಂದದ್ದು ಭಾನುವಾರ ಏಳರೊಳಗ. ಆಗ ಸೂಜಿಯಾಂವ ಇನ್ನೂ ಬಂದಿರಲಿಲ್ಲ. ಮರೆಮ್ಮ ಹಾಲು ಬದಲಿಸಿದ್ದರ ಅದನ್ನ ದೇವಿಗೆ ಗಿಣ್ಣ ಮಾಡಲಿಕ್ಕೆ ಹೋಗತಿದ್ದಳೇನು? ಆಕಿ ಅದನ್ನ ಖರೇ ಅಂತ ನಂಬಿದ್ದಳು. ಉಳಿದಾಂವ ಕೆಚ್ಚಲಿಗೆ ಕೈ ಹಾಕಿದಾಂವ."

ಲಾಲಪ್ಪ ಹುಲ್ಲಿನ ಕಡ್ಡಿಯೊಂದನ್ನು ತುಂಡು ತುಂಡು ಮಾಡುತ್ತಿದ್ದ.

"ಇವನು ಹಿಂದ ಕೆಲಸಕ್ಕಿದ್ದ ರೇಸಿನ ಲಾಯದಾಗ ಶನಿವಾರ ಸಂಜಿಗೆ ಒಂದು ಹೆಣ್ಣುಕುದುರಿ ಹೆರಿಗ್ಯಾಗ ಸತ್ತು, ಮರಿ ಉಳೀತು. ಮೊದಲ ಹಾಲು ಎಲ್ಲಾದರೂ ಸಿಗತದೇನು ಅಂತ ಅವರು ಎಲ್ಲಾ ಕಡೆ ಹೇಳಿ ಕಳಿಸಿದ್ರು. ಭಾನುವಾರ ಎಂಟರ ಸುಮಾರಿಗೆ ನಮ್ಮ ಲಾಲಪ್ಪ ಸೈಕಲ್ಲಿಗೆ ಕ್ಯಾನು ಕಟಗೊಂಡು ಬಂದಿದ್ದ ಅಂತ ಅಲ್ಲಿ ಕಾವಲುಗಾರ ಫೋನಿನಾಗ ಹೇಳಿದ. ಹಾಲು ಒಯ್ದು ಕೊಟ್ಟರ ಮತ್ತ ಕೆಲಸಕ್ಕ ತಗೋತಾರ ಅಂತ ಹೋದಿ. ಹೌದಲ್ಲೋ?"

"ಹೌದ್ರಿ," ಎಂದ ಲಾಲಪ್ಪ. ಅವನಿಗೆ ಬೆವರೂ ಬಂದಿರಲಿಲ್ಲ. "ಅದು ರೇಸಿನ ಮರಿ. ಇದು ಹೆಂಗೂ ಸಾಯೂದು. ಸಾಯೂದಕ್ಕ ಯಾಕ ಹಾಕಬೇಕು?"

ಅವಧೂತರಾವ್ ಎದ್ದು ಅವನ ಕೆನ್ನೆಗೆ ಬಾರಿಸಿದರು. ಪಂಢರಿನಾಥ ಅವರನ್ನು ಹಿಡಿದುಕೊಂಡ. ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಮರೆಮ್ಮನಿಗೆ, "ನೀ ಇಲ್ಲೇ ಇರಬೇಕವ್ವಾ. ಗಂಟು ಬಿಚ್ಚಲಿಕ್ಕೆ ಹೇಳು," ಎಂದರು. ಬಿಂದುಮಾಧವರು ಟೊಪ್ಪಿಗೆ ತೆಗೆದುಕೊಂಡರು. ಅವರ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ನನಗೂ ಹಾಗೇ ಅನ್ನಿಸಿ ಸಮಾಧಾನವಾಯಿತು.

ಮರೆಮ್ಮ ಮಾತ್ರ ಎದ್ದಿರಲಿಲ್ಲ. "ಲಾಲಪ್ಪಣ್ಣ," ಎಂದಳು. "ಆ ರೇಸಿನ ಮರಿನಾದ್ರೂ ಉಳೀತೇನು?"

ಫೋನಿನಲ್ಲಿ ಬಿಂದುಮಾಧವರು ಕೇಳದೆ ಬಿಟ್ಟ ಪ್ರಶ್ನೆ ಇದು. ಅವರು ಬಾಗಿಲಲ್ಲಿ ನಿಂತರು.

"ಇಲ್ಲ," ಎಂದ ಲಾಲಪ್ಪ. "ನಾ ಹೋಗೂದ್ರಾಗ ಸತ್ತಿತ್ತು. ಇನ್ನ ಹಾಲು ತಗೊಂಡು ಏನು ಮಾಡೂದು, ಹೋಗು ಅಂದ್ರು."

"ಮತ್ತ ಹಾಲು?"

"ಬರೂ ದಾರ‍್ಯಾಗ ಚರಂಡಿಗಿ ಸುರುವಿದೆ."

ಅವಧೂತರಾವ್ ಗೋಡೆ ಹಿಡಿದುಕೊಂಡು, "ನೀ ಒಂಬತ್ತಕ್ಕ ಬಂದಿ. ಸಂಜೀ ತನಕ ವ್ಯಾಳ್ಯಾ ಇತ್ತು. ತಿರುಗಿ ತಂದಿದ್ರ ಉಳೀತಿತ್ತಲ್ಲೋ," ಎಂದರು. ಬೈಯುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

"ಗೊತ್ತಿತ್ರಿ," ಎಂದ ಲಾಲಪ್ಪ. "ತಂದಿದ್ರ ಕದ್ದಿದ್ದು ಗೊತ್ತಾಗತಿತ್ತಲ್ಲ."

ಮರೆಮ್ಮ ಬಲಗೈಯ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಒಂಬತ್ತಕ್ಕ," ಎಂದಳು, "ಅದು ನನ್ನ ಬೆರಳು ಚೀಪಾಕ ಕಲತಿತ್ತು."