ಮೂರನೇ ಕೋರ್ಟಿನ ಗಾಜು

“ಶುಕ್ರವಾರವೂ ಬರೆದಿದ್ದಾರೆ, ನೋಡು,” ಎನ್ನುತ್ತ ಅಮ್ಮನ ಆಟದ ಜೋಡಿ ಡೆಂಟಿಸ್ಟ್ ಆಂಟಿ ಕೌಂಟರ್ ಮೇಲಿನ ಪುಸ್ತಕವನ್ನು ಅಮ್ಮನ ಕಡೆ ತಿರುಗಿಸಿದರು. ಚೂಟಿ ಅಮ್ಮನ ಮೊಣಕೈ ಕೆಳಗಿನಿಂದ ಇಣುಕಿ ಓದಿದಳು.

‘ಮೂರನೇ ಕೋರ್ಟ್. ಹಿಂದಿನ ಗಾಜಿನ ಆಚೆ ಒಂದು ಮಗು ನಿಂತಿತ್ತು. ಮತ್ತೆ ತಿರುಗಿ ನೋಡಿದರೆ ಇಲ್ಲ.’

ಚೂಟಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಈ ದೆವ್ವದ ಕತೆ ಶುರು ಮಾಡಿದ್ದು ಅವಳೇ. ಆದರೆ ಮಗು ಎಂದು ಅವಳು ಬರೆದಿರಲಿಲ್ಲ.

ಅದೊಂದು ಪ್ಯಾಡೆಲ್ ಕ್ಲಬ್. ಹಳೆಯ ಗೋದಾಮಿನೊಳಗೆ ಸಾಲಾಗಿ ನಾಲ್ಕು ಗಾಜಿನ ಕೋರ್ಟುಗಳು. ಪ್ಯಾಡೆಲ್ ಎಂದರೆ ಟೆನ್ನಿಸಿನ ತಂಗಿ ಎನ್ನಿ. ಇಬ್ಬರ ಎದುರು ಇಬ್ಬರು ಆಡಬೇಕು. ಚೆಂಡು ನೆಲಕ್ಕೆ ಪುಟಿದು ಹಿಂದಿನ ಗಾಜಿಗೆ ಬಡಿದು ಬಂದರೂ ಹೊಡೆಯಬಹುದು.

ಆಡಿದವರು ಹೊರಡುವ ಮೊದಲು ಪುಸ್ತಕದಲ್ಲಿ ಒಂದು ಸಾಲು ಬರೆಯಲೇಬೇಕು. ಇಲ್ಲದಿದ್ದರೆ ಕೌಂಟರ್ ತಾತ ಅವರ ಚೀಲ ಕೊಡುತ್ತಿರಲಿಲ್ಲ. ದಿನಾಂಕ, ವಾರ ತಾವೇ ಹಾಕಿ, ಪೆನ್ನು ಚಾಚಿ ನಿಲ್ಲುತ್ತಿದ್ದರು. ಬೆವರಿಳಿಸಿಕೊಂಡು ಬಂದವರಿಗೆ ಬರೆಯುವ ತಾಳ್ಮೆ ಎಲ್ಲಿರುತ್ತದೆ? ಒಬ್ಬರು ‘ಲೈಟ್ ಚೆನ್ನಾಗಿದೆ’ ಎಂದು ಬರೆದರೆ ಮುಂದಿನ ಹತ್ತು ಜನ ‘ಮೇಲಿನಂತೆ’ ಎಂದು ಗೀಚಿ ಮನೆಗೆ ಹೋಗುತ್ತಿದ್ದರು.

ಮಂಗಳವಾರ, ಶುಕ್ರವಾರ ಸಂಜೆ ಆರಕ್ಕೆ ಅಮ್ಮನ ಆಟ. ಆ ಒಂದು ಗಂಟೆ ಚೂಟಿ ಕಾಯಬೇಕು. ಮೂರು ವಾರದ ಹಿಂದೆ ಅಮ್ಮ “ಇನ್ನೊಂದೇ ಗೇಮ್” ಎಂದು ಹೇಳಿ ಮೂರು ಗೇಮ್ ಆಡಿದಳು. ಮನೆಗೆ ಹೋಗಿ ಚೂಟಿಯ ಶಾಲೆಯ ಚಾರ್ಟ್ ಮುಗಿಸಿಕೊಡುವುದನ್ನು ಮರೆತೇಬಿಟ್ಟಳು. ಮರುದಿನ ಕ್ಲಾಸಿನಲ್ಲಿ ಚೂಟಿ ಬೈಸಿಕೊಂಡಳು.

ಅದೇ ಸಿಟ್ಟಿಗೆ, ತಾತ ನೀರು ಕುಡಿಯಲು ಹೋದಾಗ, ಎಡಗೈಯಲ್ಲಿ ಬರೆದಳು: ‘ಮೂರನೇ ಕೋರ್ಟಿನಲ್ಲಿ ಗಾಜಿನ ಆಚೆ ಯಾರೋ ನಿಂತು ನಮ್ಮನ್ನೇ ನೋಡುತ್ತಾರೆ.’ ಅಮ್ಮ ಆಡುವುದು ಎರಡರಲ್ಲಿ. ಪಕ್ಕದಲ್ಲೇ ದೆವ್ವ ಇದೆ ಎಂದರೆ ಹೆದರಿ ಆಟ ಬಿಡುತ್ತಾಳೆ ಎಂಬುದು ಅವಳ ಲೆಕ್ಕ.

ಅದರ ಕೆಳಗೆ ಒಬ್ಬರು ‘ಮೇಲಿನಂತೆ’ ಎಂದರು. ಇನ್ನೊಬ್ಬರೂ ‘ಮೇಲಿನಂತೆ’ ಎಂದರು. ಚೂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ನಗು ನಿಂತಿತು. ‘ಗಾಜಿನ ಮೇಲೆ ಪುಟ್ಟ ಅಂಗೈ ಗುರುತು. ಒರೆಸಿದರೂ ಮತ್ತೆ ಬರುತ್ತದೆ’ ಎಂದು ಯಾರೋ ಬರೆದರು. ‘ಟಕ್ ಟಕ್ ಟಕ್ ಎಂಬ ಸದ್ದು. ಸರಿಯಾಗಿ ಮೂರು ಸಲ’ ಎಂದು ಮತ್ತೊಬ್ಬರು. ಇವನ್ನೆಲ್ಲ ಅವಳು ಬರೆದಿರಲಿಲ್ಲ. ಹಾಗಾದರೆ ಅಲ್ಲಿ ನಿಜವಾಗಿಯೂ ಯಾರಿದ್ದಾರೆ? ಅಂದಿನಿಂದ ಅವಳು ಕ್ಲಬ್ಬಿನ ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಿರಲಿಲ್ಲ.

ಇವತ್ತು ಎರಡನೇ ಕೋರ್ಟಿನ ನೆಟ್ ಹರಿದಿದೆ, ಮೂರರಲ್ಲಿ ಆಡಿ ಎಂದು ತಾತ ಹೇಳಿದರು. ಅದು ಖಾಲಿಯೇ ಇತ್ತು. ದೆವ್ವದ ಸುದ್ದಿ ಹಬ್ಬಿ ಈಗ ಅದನ್ನು ಕೇಳುವವರೇ ಕಡಿಮೆ.

“ನನ್ನ ಕೈಲಾಗಲ್ಲ. ಬೇಜಾರು ಮಾಡ್ಕೋಬೇಡ. ಇನ್ಮೇಲೆ ನಾನು ಬರೋದೇ ಇಲ್ಲ,” ಎಂದರು ಡೆಂಟಿಸ್ಟ್ ಆಂಟಿ. ದಿನವಿಡೀ ಜನರ ಬಾಯೊಳಗೆ ಡ್ರಿಲ್ ತೂರಿಸುವವರ ಮುಖ ಬಿಳಿಚಿಕೊಂಡಿತ್ತು.

ಜೋಡಿ ಇಲ್ಲದೆ ಆಟ ಇಲ್ಲ. ಅಮ್ಮ ಬೆಂಚಿನ ಮೇಲೆ ಕುಳಿತು ಶೂ ಲೇಸ್ ಬಿಚ್ಚತೊಡಗಿದಳು. ಅಮ್ಮನದು ಫೋನಿನಲ್ಲಿ ಊರಿನವರ ದೂರು ಕೇಳುವ ಕೆಲಸ. ವಾರದಲ್ಲಿ ಅವಳು ಗಟ್ಟಿಯಾಗಿ ನಗುತ್ತಿದ್ದದ್ದು ಈ ಎರಡು ಗಂಟೆ ಮಾತ್ರ. ಅಂದುಕೊಂಡದ್ದೇ ಆಗಿತ್ತು, ಆದರೂ ಚೂಟಿಗೆ ಒಂಚೂರೂ ಖುಷಿಯಾಗಲಿಲ್ಲ.

“ಹೋಗಿ ಬ್ಯಾಗ್ ತಗೊಂಡು ಬಾ,” ಎಂದಳು ಅಮ್ಮ.

ಬಂದ ಕೂಡಲೇ ಚೂಟಿ ತನ್ನ ಸ್ಕೂಲ್ ಬ್ಯಾಗ್ ಎಸೆದು ಬಂದದ್ದು ಮೂರನೇ ಕೋರ್ಟಿನ ಹಿಂದಿನ ಓಣಿಯಲ್ಲಿ. ಕಾಯುವಾಗ ಚೂಟಿ ಕೂರುತ್ತಿದ್ದದ್ದೇ ಅಲ್ಲಿ. ಅಲ್ಲೊಂದು ಗಿಡ್ಡ ಸ್ಟೂಲ್ ಇತ್ತು, ಮೇಲೊಂದು ಮಂಕು ಬಲ್ಬ್ ಇತ್ತು. ಹೋಂವರ್ಕ್ ಬೇಜಾರಾದಾಗ ಎದ್ದು ನಿಂತರೆ ಮೂರನೇ ಕೋರ್ಟಿನ ಗಾಜು ದಾಟಿ ಎರಡರಲ್ಲಿ ಆಡುವ ಅಮ್ಮ ಕಾಣುತ್ತಿದ್ದಳು. ಅದಕ್ಕೇ ಅಲ್ಲಿ ಕೂರಲು ಅವಳಿಗೆ ಭಯವಾಗುತ್ತಿರಲಿಲ್ಲ.

ಓಣಿಯಲ್ಲಿ ಅವಳ ಚಪ್ಪಲಿ ಸದ್ದು ಅವಳನ್ನೇ ಹಿಂಬಾಲಿಸಿತು. ಕೋರ್ಟಿನ ಲೈಟ್ ಆರಿತ್ತು. ಬ್ಯಾಗಿಗೆ ಕೈ ಹಾಕಿ ತಲೆ ಎತ್ತಿದಳು.

ಕತ್ತಲ ಕೋರ್ಟಿನೊಳಗೆ, ಗಾಜಿಗೆ ಅಂಟಿಕೊಂಡಂತೆ, ಒಂದು ಮಗು ನಿಂತಿತ್ತು.

ಚೂಟಿ ಕೂಗಲು ಬಾಯಿ ತೆರೆದಳು. ಆ ಮಗುವಿನ ಬಾಯಿಯೂ ತೆರೆದಿತ್ತು. ಅದರ ಕೈಯಲ್ಲೂ ಬ್ಯಾಗ್ ಇತ್ತು. ಅವಳು ಬ್ಯಾಗ್ ಕೆಳಗಿಟ್ಟಳು, ಅದೂ ಇಟ್ಟಿತು.

ಗಾಜಿನ ಮೇಲೆ ಮಸುಕಾದ ಅಂಗೈ ಗುರುತಿತ್ತು. ಅವಳು ಮೆಲ್ಲಗೆ ತನ್ನ ಅಂಗೈ ಅದರ ಮೇಲಿಟ್ಟಳು. ಒಂದು ಬೆರಳೂ ಆಚೀಚೆಯಾಗದೆ ಕೂತಿತು.

ಮತ್ತೆ ಟಕ್ ಟಕ್ ಟಕ್? ಅಮ್ಮ ಪಾಯಿಂಟ್ ಗೆದ್ದಾಗಲೆಲ್ಲ ಚೂಟಿ ಪೆನ್ಸಿಲ್ಲಿನಿಂದ ಗಾಜಿಗೆ ಮೂರು ಸಲ ಬಡಿಯುತ್ತಿದ್ದಳು. ಅಮ್ಮ ಒಮ್ಮೆಯೂ ತಿರುಗುತ್ತಿರಲಿಲ್ಲ. ಚೂಟಿ ಮುನಿಸಿಕೊಂಡು ಸ್ಟೂಲ್ ಮೇಲೆ ಕುಳಿತುಬಿಡುತ್ತಿದ್ದಳು. ಪುಸ್ತಕದಲ್ಲಿ ಆ ಸಾಲುಗಳೆಲ್ಲ ಮಂಗಳವಾರ, ಶುಕ್ರವಾರದವು ಎಂಬುದು ಈಗ ನೆನಪಾಯಿತು. ಇಷ್ಟು ತಿಂಗಳಿಂದ ಅವಳು ಅಲ್ಲೇ ನಿಂತಿದ್ದಳು. ಅವಳು ಆ ಸಾಲು ಬರೆಯುವವರೆಗೆ ಯಾರೂ ಆ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಅವಳು ಓಡಿಹೋಗಿ ತಾತನ ಕೈಯಿಂದ ಪೆನ್ನು ತೆಗೆದುಕೊಂಡಳು. ಈ ಸಲ ಬಲಗೈಯಲ್ಲಿ ಬರೆದಳು: ‘ಗಾಜಿನ ಆಚೆ ಇದ್ದದ್ದು ನಾನು. ಮೊದಲನೇ ಸಾಲು ಬರೆದದ್ದೂ ನಾನೇ.’

ಡೆಂಟಿಸ್ಟ್ ಆಂಟಿ ಎರಡೆರಡು ಸಲ ಓದಿದರು. ಇವಳ ಹಲ್ಲು ಕೀಳುವ ದಿನ ಬರಲಿ, ನೋಡಿಕೊಳ್ಳುತ್ತೇನೆ ಎಂದು ಗೊಣಗುತ್ತ ರಾಕೆಟ್ ಎತ್ತಿಕೊಂಡರು. ಅಮ್ಮ ಪುಸ್ತಕದ ‘ಟಕ್ ಟಕ್ ಟಕ್’ ಸಾಲಿನ ಮೇಲೆ ಬೆರಳಿಟ್ಟಳು.

“ಮೂರು ಸಲ ಯಾಕೆ ಬಡೀತಿದ್ದೆ?”

“ನೀನು ಗೆದ್ದಾಗ,” ಎಂದಳು ಚೂಟಿ. “ನಿಂಗೆ ಕೇಳಿಸ್ತಾನೇ ಇರ್ಲಿಲ್ಲ.”

ಅಮ್ಮ ಬಗ್ಗಿ ಶೂ ಲೇಸ್ ಕಟ್ಟಿಕೊಂಡಳು.

ಮೂರನೇ ಕೋರ್ಟಿನ ಲೈಟ್ ಹತ್ತಿತು. ಚೂಟಿ ಓಣಿಗೆ ಹೋಗಿ ಗಾಜಿನ ಹತ್ತಿರ ನಿಂತಳು. ಅಮ್ಮ ಮೊದಲ ಪಾಯಿಂಟನ್ನೇ ಸೋತಳು, ಎರಡನೆಯದನ್ನೂ ಸೋತಳು. ಮೂರನೆಯದು ಗೆದ್ದಾಗ ಚೂಟಿ ಪೆನ್ಸಿಲ್ ಎತ್ತಿದಳು.

ಅವಳು ಬಡಿಯುವ ಮೊದಲೇ ಅಮ್ಮ ಈ ಕಡೆ ತಿರುಗಿದ್ದಳು.