ಹರಿದ ದಾರ, ಎರಡು ರೇನ್‌ಕೋಟು

"ಕಂಬದಿಂದ ಕಂಬಕ್ಕೆ ನೋಡ್ಕೊಂಡ್ ಬಂದೆ ಅಂದ್ಯಲ್ಲ ನಿನ್ನೆ? ಕಣ್ಣು ಎಲ್ಲಿಟ್ಟಿದ್ದೆ?"

ಊಟದ ಮನೆಯ ಬಾಗಿಲಲ್ಲೇ ಅವಿಟಲ್ ಆಶೆರನನ್ನು ತಡೆದು ನಿಲ್ಲಿಸಿದಳು. ಅವನು ಪಕ್ಕಕ್ಕೆ ಸರಿದು ಒಳಗೆ ನುಸುಳಿದ. ಈ ಬೇಸಿಗೆ ಪೂರ್ತಿ ಹೀಗೇ... ಮಾತಾಡಬೇಕಾದಾಗ ಬಾಯಿಗೆ ಬೀಗ!

ಸಿಟ್ಟು ಬರದೆ ಇನ್ನೇನು? ವಿಸ್ಕಾನ್ಸಿನ್ನಿನ ಆ ಕೆರೆದಂಡೆಯ ಯಹೂದಿ ಮಕ್ಕಳ ಬೇಸಿಗೆ ಶಿಬಿರದ ಸುತ್ತ ಕಂಬ ನೆಟ್ಟು ದಾರ ಎಳೆದಿದ್ದರು. ದಾರ ನೆಟ್ಟಗಿದ್ದರೆ ಇಡೀ ಶಿಬಿರ ಒಂದೇ ಮನೆಯಿದ್ದಂತೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಶಬ್ಬಾತ್, ಕೆಲಸ ಮಾಡದ, ಮನೆಯಾಚೆ ಏನನ್ನೂ ಒಯ್ಯದ ದಿನ. ದಾರವಿದ್ದರೆ ಅಂದೂ ನೀರಿನ ಬಾಟಲಿ, ಪುಸ್ತಕ ಹಿಡಿದು ಓಡಾಡಬಹುದು. ಹರಿದರೆ ಹೊರಗೆ ಕರವಸ್ತ್ರವನ್ನೂ ಕೈಯಲ್ಲಿ ಒಯ್ಯುವಂತಿಲ್ಲ. ಗಂಟು ಹಾಕುವುದೂ ಕೆಲಸವೇ, ಶನಿವಾರ ಕತ್ತಲಾಗುವ ತನಕ ಅದೂ ಇಲ್ಲ.

ಪ್ರತಿ ಶುಕ್ರವಾರ ದಾರ ನೋಡಿ ಬರುವ ಕೆಲಸ ಹದಿನಾರರ ಈ ಇಬ್ಬರದು. ಕಾಡಿನ ಕಡೆ ಅವಳು, ಕೆರೆಯ ಕಡೆ ಅವನು. ಅವನ ಮಾತು ನಂಬಿ, ಎಲ್ಲ ಸರಿ ಇದೆ ಎಂದು ಶಿಬಿರದ ಧರ್ಮಗುರು ರಬ್ಬಿಗೆ ಹೇಳಿದ್ದು ಅವಳು. ಇವತ್ತು ಬೆಳಿಗ್ಗೆ ನೋಡಿದರೆ ಕೆರೆಯ ಕಡೆ ಕೊಂಬೆ ಬಿದ್ದು ದಾರ ಹರಿದಿತ್ತು. ಆ ಕೊಂಬೆಗೆ ಜೇಡ ಬಲೆಯನ್ನೂ ಕಟ್ಟಿಯಾಗಿತ್ತು, ಬಿದ್ದದ್ದು ನಿನ್ನೆ ರಾತ್ರಿಯಲ್ಲ!

ಶಿಬಿರದ ನರ್ಸಮ್ಮ ಕೈಗೂಸನ್ನೂ ಎತ್ತಿಕೊಂಡು ಹೊರಬರುವಂತಿಲ್ಲದೆ ಮನೆಯಲ್ಲೇ ಉಳಿದರು. ಸಿಕ್ಕಸಿಕ್ಕವರೆಲ್ಲ ಅವಿಟಲ್‌ಳನ್ನೇ ಚುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆದರೆ ಅವಳ ಎದೆ ಉರಿಯುತ್ತಿದ್ದುದು ಬೇರೆಯದಕ್ಕೆ. ನಿನ್ನೆ ದಾರ ನೋಡಬೇಕಾದ ಹೊತ್ತಲ್ಲಿ ಆಶೆರ್ ಕೆರೆದಂಡೆಯಲ್ಲಿ ಮಿರಾ ಜೊತೆ ಕೂತಿದ್ದನೆಂದು ಇವತ್ತಷ್ಟೇ ಅವಳ ಕಿವಿಗೆ ಬಿದ್ದಿತ್ತು. ಮಿರಾ ಅವಿಟಲ್‌ಳ ಕೋಣೆಯ ಗೆಳತಿ. ಬಿದ್ದು ಬಿದ್ದು ನಗುತ್ತಿದ್ದಳಂತೆ.

ಶನಿವಾರ ಮಧ್ಯಾಹ್ನ ಹುಡುಗನೊಬ್ಬ ಹುಡುಗಿಯನ್ನು ಕೆರೆ ಸುತ್ತಲು ಕರೆದರೆ ಅದರ ಅರ್ಥ ಶಿಬಿರದಲ್ಲಿ ಎಲ್ಲರಿಗೂ ಗೊತ್ತು. ಇದು ಕೊನೆಯ ಶನಿವಾರ. ನಾಳೆ ಅವಿಟಲ್‌ಳ ಬಸ್ಸು ಕ್ಲೀವ್‌ಲ್ಯಾಂಡಿಗೆ, ಅವನದು ಕನ್ಸಾಸ್ ಸಿಟಿಗೆ. 'ಅವನು ಕರೆಯುವುದು ಮಿರಾಳನ್ನೇ... ನಾನ್ಯಾಕೆ ಕಾದೆ?'

ಊಟದ ಹೊತ್ತಿಗೆ ಆಶೆರ್ ಎಲ್ಲರೆದುರು ಎದ್ದು ನಿಂತ. ಪೂರ್ತಿ ನೋಡದೆಯೇ ನೋಡಿದೆ ಎಂದು ಸುಳ್ಳು ಹೇಳಿದವನು ತಾನು, ಅವಿಟಲ್‌ಳದು ಏನೂ ತಪ್ಪಿಲ್ಲ ಎಂದ. ಅವಳ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಹೋದ. 'ಊರಿಗೆಲ್ಲ ಹೇಳೋಕೆ ಬಾಯಿ ಬರುತ್ತೆ. ನನ್ನ ಹತ್ತಿರ ಮಾತ್ರ ಬರಲ್ಲ!'

ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದವರು ನೆನೆದುಕೊಂಡೇ ಕೋಣೆಗಳಿಗೆ ಓಡಿದರು. ಅವಳಿಗೆ ಮಿರಾಳ ಮುಖ ನೋಡುವುದು ಬೇಡವಾಗಿತ್ತು. ಊಟದ ಮನೆಯ ಜಗಲಿಯಲ್ಲೇ ನಿಂತಳು.

ಮಳೆಯಲ್ಲಿ ಯಾರೋ ದಢೂತಿ ಆಸಾಮಿ ಬರುತ್ತಿದ್ದ... ಆಶೆರ್! ಮೈಮೇಲೆ ಒಂದರ ಮೇಲೊಂದು ಎರಡು ರೇನ್‌ಕೋಟು.

"ಇದೇನೋ ಅವತಾರ?"

"ಕೈಯಲ್ಲಿ ತರೋ ಹಾಗಿಲ್ವಲ್ಲ. ಹಾಕ್ಕೊಂಡ್ ಬಂದ್ರೆ ತಪ್ಪಿಲ್ಲ. ಒಂದು ನಿಂಗೆ."

"ಮಿರಾಗೆ ಕೊಡು ಹೋಗು."

"ಮಿರಾಗ್ಯಾಕೆ?" ಅವನು ನಿಜಕ್ಕೂ ಕಕ್ಕಾಬಿಕ್ಕಿಯಾದ. "ನಿನ್ನ ಹೇಗೆ ಕರೀಬೇಕು ಅಂತ ಅವಳನ್ನ ಕೇಳ್ತಿದ್ದೆ ನಿನ್ನೆ. ಹೇಳಿ ತೋರಿಸು ಅಂದ್ಲು. ನಾನು ಹೇಳ್ದಾಗೆಲ್ಲ ನಕ್ಕಳು. ಅಷ್ಟರಲ್ಲಿ ಹೊತ್ತು ಮುಳುಗ್ತಾ ಬಂತು... ದಾರ ಅಲ್ಲೇ ಉಳೀತು."

ಅವಿಟಲ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇದಕ್ಕಾ ಇಡೀ ಶಿಬಿರ ಕೈಕಟ್ಟಿ ಕೂತಿದ್ದು!

"ಏನಂತ ಹೇಳ್ಕೊಟ್ಲು?"

"ಮರ್ತೋಯ್ತು." ಅವನು ನೆಲ ನೋಡಿದ. ಆಮೇಲೆ ಮೊದಲ ಸಲ ಅವಳ ಕಣ್ಣನ್ನೇ ನೋಡಿದ. "ನೀನಂದ್ರೆ ನಂಗಿಷ್ಟ, ಅವಿಟಲ್. ಕೆರೆ ಸುತ್ತೋಕೆ ಬರ್ತೀಯಾ?"

ಅವಳ ಕಣ್ಣು ತುಂಬಿತು. ಕೈ ಚಾಚಿ ಮೇಲಿನ ಕೋಟು ಇಸಿದುಕೊಂಡು ತೊಟ್ಟಳು.

"ಇಷ್ಟನ್ನ ಬೇಸಿಗೆ ಶುರುವಲ್ಲೇ ಹೇಳೋಕೇನಾಗಿತ್ತೋ ನಿಂಗೆ?"

"ನೀನು ಬೈತೀಯ ಅಂತ ಭಯ..."

"ಬೈದೇ ಬೈತೀನಿ. ಕೆರೆ ಪೂರ್ತಿ ಸುತ್ತೋ ತನಕ ಬೈತೀನಿ. ನಡಿ."